ಆಯ್ಕೆಗೊಂದು ಬೆಲೆ: ಅಂತರ್ಜಾಲ ಮಳಿಗೆಯಲ್ಲಿ ಕೂಡು-ಕಳೆಯುವ ಲೆಕ್ಕ

ಕಾಫಿಪುಡಿ ಅಂಗಡಿಯ ಕಟ್ಟೆಯ ಮುಂದೆ ನಿಂತ ಗ್ರಾಹಕ, “ಕಾಲು ಕಿಲೋ ಕೊಡಿ, ಎಂಬತ್ತು-ಇಪ್ಪತ್ತು, ಫಿಲ್ಟರಿಗೆ ಆಗುವ ಹಾಗೆ” ಎನ್ನುತ್ತಾನೆ. ಅಂಗಡಿಯವರು ಬೀಜವನ್ನು ತೂಗಿ, ಯಂತ್ರಕ್ಕೆ ಸುರಿದು, ಚಿಕೋರಿ ಬೆರೆಸಿ, ಪೊಟ್ಟಣ ಕಟ್ಟುವಷ್ಟರಲ್ಲಿ ಬೆಲೆಯನ್ನೂ ಹೇಳಿಬಿಡುತ್ತಾರೆ. ತೂಕ, ಮಿಶ್ರಣದ ಪ್ರಮಾಣ, ಪುಡಿಯ ಹದ ಎಂಬ ಮೂರು ಆಯ್ಕೆಗಳು ಆ ಒಂದು ಮಾತಿನಲ್ಲಿ ಅಡಗಿವೆ. ಇವುಗಳಲ್ಲಿ ಎರಡು ಬೆಲೆಯನ್ನು ಬದಲಿಸುತ್ತವೆ, ಒಂದು ಬದಲಿಸುವುದಿಲ್ಲ. ವರ್ಷಗಟ್ಟಲೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಅದೇ ಅಂಗಡಿ ಅಂತರ್ಜಾಲದಲ್ಲಿ ಮಳಿಗೆ ತೆರೆದಾಗ, ಅಲ್ಲಿನ ಶಾಪಿಂಗ್ ಕಾರ್ಟ್ ತಂತ್ರಾಂಶಕ್ಕೆ ಇದಾವುದೂ ತಿಳಿದಿರುವುದಿಲ್ಲ. ತಿಳಿಸಿಕೊಟ್ಟಷ್ಟನ್ನು ಮಾತ್ರ ಅದು ಚಾಚೂ ತಪ್ಪದೆ ಮಾಡುತ್ತದೆ. ತಪ್ಪಾಗಿ ತಿಳಿಸಿದ್ದರೆ ಆ ತಪ್ಪನ್ನೂ ಹಗಲಿರುಳು ದಣಿವಿಲ್ಲದೆ ಮಾಡುತ್ತದೆ.

ಸ್ವಂತ ಜಾಲತಾಣದ ಮೂಲಕ ಸರಕು ಮಾರಲು ಹೊರಟಿರುವ ಸಣ್ಣ ಮತ್ತು ಮಧ್ಯಮ ವ್ಯಾಪಾರಿಗಳು ಸಾಮಾನ್ಯವಾಗಿ ಛಾಯಾಚಿತ್ರ, ವಿನ್ಯಾಸ, ಪಾವತಿ ವ್ಯವಸ್ಥೆಗಳ ಬಗ್ಗೆ ಹೆಚ್ಚು ಕಾಳಜಿ ವಹಿಸುತ್ತಾರೆ. ಆಯ್ಕೆಗಳಿಗೆ ಬೆಲೆ ಕಟ್ಟುವ ಕೆಲಸವನ್ನು ಮಾತ್ರ ಜಾಲತಾಣ ರೂಪಿಸುವ ಹುಡುಗರ ಕೈಗೆ ಬಿಟ್ಟುಬಿಡುವುದುಂಟು. ಆ ಹುಡುಗರು ತಂತ್ರಾಂಶ ಬಲ್ಲವರು. ಚಿಕೋರಿಯ ದರ ಬಲ್ಲವರಲ್ಲ. ನಷ್ಟದ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ.

ಕೂಡು-ಕಳೆ ಪದ್ಧತಿ

ಜರ್ಮನಿಯಲ್ಲಿ 2000ದಲ್ಲಿ ಆರಂಭವಾದ ಓಎಸ್‌ಕಾಮರ್ಸ್ ಮತ್ತು ಅದರಿಂದ 2003ರಲ್ಲಿ ಕವಲೊಡೆದ ಝೆನ್ ಕಾರ್ಟ್, ಹಣ ಕೊಡದೆ ಬಳಸಬಹುದಾದ ಮುಕ್ತ ತಂತ್ರಾಂಶಗಳಾಗಿ ಪ್ರಪಂಚದ ಅಸಂಖ್ಯ ಸಣ್ಣ ಅಂಗಡಿಗಳನ್ನು ಅಂತರ್ಜಾಲಕ್ಕೆ ತಂದವು. ಇವುಗಳ ಬೆಲೆ ಪದ್ಧತಿ ಸರಳವಾದುದು. ಸರಕಿಗೊಂದು ಮೂಲಬೆಲೆ, ಪ್ರತಿಯೊಂದು ಆಯ್ಕೆಯ ಮುಂದೆ ಕೂಡುವ ಅಥವಾ ಕಳೆಯುವ ಚಿಹ್ನೆ, ಅದರ ಮುಂದೊಂದು ಮೊತ್ತ. ಗ್ರಾಹಕ ಆರಿಸಿದ ಆಯ್ಕೆಗಳ ಮೊತ್ತಗಳನ್ನೆಲ್ಲ ಮೂಲಬೆಲೆಗೆ ಕೂಡಿಸಿ ಅಥವಾ ಕಳೆದು ಅಂತಿಮ ಬೆಲೆ ಹೇಳಲಾಗುತ್ತದೆ. ಮುಂದೆ ಬಂದ ಓಪನ್‌ಕಾರ್ಟ್ ಕೂಡ ಇದೇ ಹಾದಿಯನ್ನು ಹಿಡಿಯಿತು.

ಈ ಪದ್ಧತಿಯು ಕೆಲವು ಸರಕುಗಳಿಗೆ ಹೇಳಿ ಮಾಡಿಸಿದಂತಿದೆ. ಇಳಕಲ್ ಸೀರೆಯ ವ್ಯಾಪಾರಿ ಸೀರೆಯೊಂದಿಗೆ ಫಾಲ್ ಹೊಲಿಗೆ, ಸೆರಗಿಗೆ ಕುಚ್ಚು, ರವಿಕೆಯ ಹೊಲಿಗೆ ಎಂಬ ಸೇವೆಗಳನ್ನು ಕೊಡುತ್ತಾನೆ ಎಂದಿಟ್ಟುಕೊಳ್ಳೋಣ. ಕುಚ್ಚು ಕಟ್ಟುವ ಕೂಲಿ ಸೀರೆ 2,400 ರೂಪಾಯಿಯದಾದರೂ ಅಷ್ಟೇ, 6,000 ರೂಪಾಯಿಯದಾದರೂ ಅಷ್ಟೇ. ಒಂದು ಸೇವೆಯ ದರ ಇನ್ನೊಂದನ್ನು ಅವಲಂಬಿಸಿಲ್ಲ. ಇಂಥ ಕಡೆ ಕೂಡು-ಕಳೆ ಲೆಕ್ಕ ಎಂದೂ ತಪ್ಪುವುದಿಲ್ಲ.

ಕಾಫಿಪುಡಿಗೆ ಇದೇ ಪದ್ಧತಿಯನ್ನು ಅನ್ವಯಿಸಿದರೆ ಏನಾಗುವುದೆಂಬುದನ್ನು ಅಂಕಿಗಳಲ್ಲಿಯೇ ನೋಡಬೇಕು. ಲೆಕ್ಕದ ಅನುಕೂಲಕ್ಕಾಗಿ ಹುರಿದ ಕಾಫಿಯ ಮಾರಾಟ ದರ ಕಿಲೋಗೆ 1,000 ರೂ., ಚಿಕೋರಿಯದು 200 ರೂ. ಎಂದು ಹಿಡಿಯಬಹುದು. ಆಗ ಒಂದು ಕಿಲೋ ಶುದ್ಧ ಕಾಫಿಯ ಬೆಲೆ 1,000 ರೂ.; 80:20 ಮಿಶ್ರಣದ್ದು 840 ರೂ.; 60:40 ಮಿಶ್ರಣದ್ದು 680 ರೂ. ಅರ್ಧ ಕಿಲೋಗೆ ಕ್ರಮವಾಗಿ 500, 420 ಮತ್ತು 340. ಕಾಲು ಕಿಲೋಗೆ 250, 210 ಮತ್ತು 170. ಅಂಗಡಿಯ ಗುಮಾಸ್ತನ ತಲೆಯಲ್ಲಿರುವುದು ಈ ಒಂಬತ್ತು ಅಂಕಿಗಳೇ.

ಈಗ ಜಾಲತಾಣದವನು ಒಂದು ಕಿಲೋ ಶುದ್ಧ ಕಾಫಿಯ 1,000 ರೂಪಾಯಿಯನ್ನು ಮೂಲಬೆಲೆಯಾಗಿ ಇಡುತ್ತಾನೆ. ತೂಕದ ಪಟ್ಟಿಯಲ್ಲಿ ಅರ್ಧ ಕಿಲೋಗೆ 500 ಕಳೆ, ಕಾಲು ಕಿಲೋಗೆ 750 ಕಳೆ ಎಂದು ನಮೂದಿಸುತ್ತಾನೆ. ಮಿಶ್ರಣದ ಪಟ್ಟಿಯಲ್ಲಿ 80:20ಕ್ಕೆ 160 ಕಳೆ, 60:40ಕ್ಕೆ 320 ಕಳೆ ಎನ್ನುತ್ತಾನೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿಯೇ. ಒಂದು ಕಿಲೋ ಪೊಟ್ಟಣವನ್ನು ಪರೀಕ್ಷಿಸಿದರೆ ಮೂರು ಮಿಶ್ರಣಗಳಿಗೂ ಸರಿಯಾದ ಬೆಲೆಯೇ ಬರುತ್ತದೆ. ಮಾಲೀಕರು ನೋಡಿ ತಲೆದೂಗುತ್ತಾರೆ. ಮರುದಿನ ಒಬ್ಬ ಗೃಹಿಣಿ ಕಾಲು ಕಿಲೋ 80:20 ಆರಿಸುತ್ತಾರೆ. ಸಾವಿರದಿಂದ 750 ಕಳೆದು, ಮತ್ತೆ 160 ಕಳೆದು, ಕಾರ್ಟ್ 90 ರೂಪಾಯಿ ಕೇಳುತ್ತದೆ. ಬರಬೇಕಾದುದು 210. ಪ್ರತಿ ಪೊಟ್ಟಣಕ್ಕೆ 120 ರೂಪಾಯಿ ಕೈಯಿಂದ ಹೋಯಿತು. ಇನ್ನೊಬ್ಬರು ಕಾಲು ಕಿಲೋ 60:40 ಆರಿಸಿದರಂತೂ ಲೆಕ್ಕ ಸೊನ್ನೆಯ ಕೆಳಗಿಳಿದು ಋಣ 70 ರೂಪಾಯಿ ಆಗುತ್ತದೆ! ಅಂದರೆ ಪುಡಿಯ ಜೊತೆಗೆ ಎಪ್ಪತ್ತು ರೂಪಾಯಿಯನ್ನೂ ಗ್ರಾಹಕರಿಗೆ ಕೊಟ್ಟು ಕಳುಹಿಸಬೇಕು.

ಇದಕ್ಕೆ ಹೆದರಿ ಕಾಲು ಕಿಲೋವನ್ನು ಮೂಲವಾಗಿಟ್ಟರೆ ತಪ್ಪು ಇನ್ನೊಂದು ದಿಕ್ಕಿಗೆ ವಾಲುತ್ತದೆ. ಮೂಲಬೆಲೆ 250, ಒಂದು ಕಿಲೋಗೆ 750 ಕೂಡು, 60:40ಕ್ಕೆ 80 ಕಳೆ. ಒಂದು ಕಿಲೋ 60:40ರ ಬೆಲೆ 920 ರೂ. ಎಂದು ಬರುತ್ತದೆ. ಸರಿಯಾದುದು 680. ಇಲ್ಲಿ ನಷ್ಟವು ಕಣ್ಣಿಗೆ ಬೀಳುವುದಿಲ್ಲ. ಗ್ರಾಹಕನು 240 ರೂ. ಹೆಚ್ಚು ಕಂಡು ಸುಮ್ಮನೆ ಹೊರಟುಹೋಗುತ್ತಾನೆ, ದೂರನ್ನೂ ಹೇಳುವುದಿಲ್ಲ. ದೊಡ್ಡ ಪೊಟ್ಟಣಗಳು ಏಕೆ ಮಾರಾಟವಾಗುತ್ತಿಲ್ಲವೆಂದು ಅಂಗಡಿಯವರು ತಿಂಗಳುಗಟ್ಟಲೆ ಯೋಚಿಸುತ್ತಿರುತ್ತಾರೆ. ಎರಡು ತಪ್ಪುಗಳಲ್ಲಿ ಹೆಚ್ಚು ಅಪಾಯಕಾರಿ ಇದೇ ಎನ್ನಬೇಕು. ಮೊದಲನೆಯದು ಒಂದೆರಡು ದಿನಗಳಲ್ಲಿ ಬಯಲಾಗುತ್ತದೆ.

ತಪ್ಪಿನ ಕಾರಣ ಸ್ಪಷ್ಟ. ಚಿಕೋರಿಯಿಂದ ಇಳಿಯುವ ಬೆಲೆಯು ತೂಕವನ್ನು ಅವಲಂಬಿಸಿದೆ. ಒಂದು ಆಯ್ಕೆಯ ಮೊತ್ತವು ಇನ್ನೊಂದು ಆಯ್ಕೆಯೊಡನೆ ಬದಲಾಗುವಲ್ಲಿ ಕೂಡು-ಕಳೆ ಪದ್ಧತಿ ಕೆಲಸಕ್ಕೆ ಬಾರದು. ಮಜೆಂಟೊದಂತಹ ಕೆಲವು ತಂತ್ರಾಂಶಗಳಲ್ಲಿ ಮೊತ್ತದ ಬದಲು ಶೇಕಡಾವಾರು ನಮೂದಿಸುವ ಅನುಕೂಲವಿದೆ. 80:20ಕ್ಕೆ ಶೇ. 16 ಕಡಿತ, 60:40ಕ್ಕೆ ಶೇ. 32 ಕಡಿತ ಎಂದರೆ ಸಮಸ್ಯೆ ಪರಿಹಾರವಾದಂತೆ ತೋರುತ್ತದೆ. ಆದರೆ ಆ ಶೇಕಡಾವಾರು ಮೂಲಬೆಲೆಯ ಮೇಲೆ ಲೆಕ್ಕವಾಗುವುದೋ, ತೂಕದ ಆಯ್ಕೆಯನ್ನೂ ಸೇರಿಸಿದ ಬೆಲೆಯ ಮೇಲೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೂಲಬೆಲೆಯ ಮೇಲಾದರೆ ಹಳೆಯ ತಪ್ಪೇ ಹೊಸ ವೇಷದಲ್ಲಿ ಬಂದಂತಾಯಿತು.

ಜೋಡಣೆಗೊಂದು ಬೆಲೆ

ಇನ್ನೊಂದು ಪದ್ಧತಿಯಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಆಯ್ಕೆಗಳ ಪ್ರತಿಯೊಂದು ಜೋಡಣೆಯನ್ನೂ ಪ್ರತ್ಯೇಕ ಸರಕೆಂದೇ ಭಾವಿಸಿ ಅದಕ್ಕೊಂದು ಪೂರ್ಣ ಬೆಲೆ, ಒಂದು ಸಂಕೇತ ಸಂಖ್ಯೆ, ಒಂದು ತೂಕ ನಮೂದಿಸಲಾಗುತ್ತದೆ. 2011ರಲ್ಲಿ ಬಂದ ವೂಕಾಮರ್ಸ್‌ನ ವೇರಿಯೇಷನ್, ಶಾಪಿಫೈನ ವೇರಿಯಂಟ್ ಎಂಬುವೆಲ್ಲ ಇವೇ. ಕಾಫಿಪುಡಿಗೆ ತಕ್ಕುದು ಈ ಪದ್ಧತಿ. ಗುಮಾಸ್ತನ ತಲೆಯಲ್ಲಿದ್ದ ಒಂಬತ್ತು ಅಂಕಿಗಳು ಒಂಬತ್ತು ಸಾಲುಗಳಾಗಿ ಕುಳಿತುಕೊಳ್ಳುತ್ತವೆ. ಯಾವುದನ್ನು ಆರಿಸಿದರೂ ಬರೆದಿಟ್ಟ ಬೆಲೆಯೇ ಬರುತ್ತದೆ.

ಇಲ್ಲಿನ ತೊಂದರೆ ಬೇರೆ ತೆರನಾದುದು. ಮೂರು ತೂಕ, ಮೂರು ಮಿಶ್ರಣ ಎಂದರೆ 9. ಇವುಗಳಿಗೆ ನಾಲ್ಕು ಬಗೆಯ ಪುಡಿಯ ಹದವನ್ನು, ಎಂದರೆ ಫಿಲ್ಟರ್, ಎಸ್ಪ್ರೆಸೊ, ಫ್ರೆಂಚ್ ಪ್ರೆಸ್ ಮತ್ತು ಪುಡಿ ಮಾಡದ ಇಡೀ ಬೀಜವನ್ನು ಸೇರಿಸಿದರೆ ಸಾಲುಗಳು 36 ಆಗುತ್ತವೆ. ಸರಕಿನ ಹೆಸರುಗಳು ಹತ್ತಾದರೆ 360. ಶಾಪಿಫೈನಲ್ಲಿ ಒಂದು ಸರಕಿಗೆ 3 ಬಗೆಯ ಆಯ್ಕೆ, ಒಟ್ಟು 100 ಜೋಡಣೆ ಎಂಬ ಮಿತಿ ಬಹುಕಾಲ ಜಾರಿಯಲ್ಲಿತ್ತು. ಈಚೆಗೆ ಜೋಡಣೆಗಳ ಮಿತಿಯನ್ನು 2,048ಕ್ಕೆ ಏರಿಸಲಾಗಿದೆ. ಮಿತಿ ಏರಿತೆಂದು ಸಾಲುಗಳನ್ನು ಬೆಳೆಸುತ್ತ ಹೋಗುವುದು ಜಾಣತನವಲ್ಲ. ಪ್ರತಿಯೊಂದು ಸಾಲನ್ನೂ ಯಾರಾದರೂ ಕಾಯಬೇಕು.

ಆದುದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಆಯ್ಕೆಯಿಂದ ಬೆಲೆ ಬದಲಾಗುವುದೇ? ಪುಡಿಯ ಹದದಿಂದ ಬೆಲೆ ಬದಲಾಗುವುದಿಲ್ಲ. ಅದನ್ನು ಜೋಡಣೆಯೊಳಗೆ ತರದೆ, ಬೆಲೆಯಿಲ್ಲದ ಬರಿಯ ಆಯ್ಕೆಯಾಗಿ ಪ್ರತ್ಯೇಕ ಇಟ್ಟರೆ ಸಾಲುಗಳು ಒಂಬತ್ತರಲ್ಲಿಯೇ ನಿಲ್ಲುತ್ತವೆ. ವೂಕಾಮರ್ಸ್‌ನಲ್ಲಿ ಒಂದು ಗುಣವನ್ನು ‘ಯಾವುದಾದರೂ’ ಎಂದು ಬಿಟ್ಟುಬಿಡುವ ಅನುಕೂಲವೂ ಇದೆ; ಬೆಲೆ ಒಂದೇ ಆಗಿರುವಲ್ಲಿ ಇದು ಬಹಳ ಶ್ರಮ ಉಳಿಸುತ್ತದೆ. ಅದೇ ತಂತ್ರಾಂಶದಲ್ಲಿ ಬೆಲೆ ನಮೂದಿಸದ ಜೋಡಣೆಯನ್ನು ಗ್ರಾಹಕರು ಕೊಳ್ಳಲಾಗುವುದಿಲ್ಲ. ಮಾರಾಟಕ್ಕಿರುವ ಸರಕು ಏಕೆ ಸಿಗುತ್ತಿಲ್ಲವೆಂಬ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಇದು.

ಇಡೀ ಬೀಜದ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಬೀಜವನ್ನೇ ಕೊಳ್ಳುವವನಿಗೆ ಚಿಕೋರಿ ಬೆರೆಸಿಕೊಡುವುದು ಹೇಗೆ? ಅಂಗಡಿಯ ಕಟ್ಟೆಯ ಮುಂದೆ ಇಂಥ ಬೇಡಿಕೆಯನ್ನು ಯಾರೂ ಇಡುವುದಿಲ್ಲ. ಅಂತರ್ಜಾಲದಲ್ಲಿ ಪಟ್ಟಿ ಇದ್ದರೆ ಒತ್ತುವವರು ಇದ್ದೇ ಇರುತ್ತಾರೆ. ಹೀಗೆ ಅಸಾಧ್ಯವಾದ 6 ಜೋಡಣೆಗಳನ್ನು ತೆಗೆದರೆ 36ರಲ್ಲಿ ಉಳಿಯುವುದು 30. ಇವನ್ನು ನಿವಾರಿಸುವ ಸುಲಭದ ದಾರಿ, ಇಡೀ ಬೀಜವನ್ನು ಬೇರೆಯೇ ಸರಕಾಗಿ, ತೂಕದ ಆಯ್ಕೆಯೊಂದನ್ನೇ ಕೊಟ್ಟು ಮಾರುವುದು. ಆಯ್ಕೆಗಳ ಜಾಲವನ್ನು ಬಿಡಿಸಲು ಹೆಣಗುವುದಕ್ಕಿಂತ ಒಂದು ಸರಕನ್ನು ಎರಡಾಗಿ ಒಡೆಯುವುದು ಎಷ್ಟೋ ವೇಳೆ ಮೇಲು.

ಮಿಶ್ರಣದ ಪಟ್ಟಿಗೆ ಕಾನೂನಿನ ಎಲ್ಲೆಯೂ ಇದೆ. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ಶೇ. 51ಕ್ಕಿಂತ ಕಡಿಮೆ ಇರಕೂಡದು. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು. ಗ್ರಾಹಕರು ಕೇಳುತ್ತಾರೆಂದು 50:50 ಎಂಬ ಆಯ್ಕೆಯನ್ನು ಸೇರಿಸುವಂತಿಲ್ಲ.

ಎರಡೂ ಪದ್ಧತಿಗಳು ಒಂದೇ ಸರಕಿನಲ್ಲಿ ಬೇಕಾಗುವ ಸಂದರ್ಭಗಳೇ ಹೆಚ್ಚು. ಇಳಕಲ್ ಸೀರೆಯಲ್ಲಿ 6 ಗಜವೋ 9 ಗಜವೋ, ಒಡಲು ಹತ್ತಿಯದೋ ರೇಷ್ಮೆಯದೋ ಎಂಬುವು ಒಂದನ್ನೊಂದು ಅವಲಂಬಿಸಿದವು. ಉದ್ದ ಹೆಚ್ಚಿದಷ್ಟೂ ರೇಷ್ಮೆಯ ವೆಚ್ಚ ಹತ್ತಿಯ ವೆಚ್ಚಕ್ಕಿಂತ ವೇಗವಾಗಿ ಏರುತ್ತದೆ. ಅವಕ್ಕೆ ಜೋಡಣೆಯ ಬೆಲೆ. ಫಾಲ್, ಕುಚ್ಚು, ಹೊಲಿಗೆಗಳಿಗೆ ಕೂಡುವ ಬೆಲೆ. ಜೊತೆಗೆ ಗುಳೇದಗುಡ್ಡದ ಖಣವನ್ನೂ ಕೊಡುವುದಾದರೆ ಅದನ್ನು ಆಯ್ಕೆಯಾಗಿಸದೆ, ತನ್ನದೇ ದಾಸ್ತಾನು ಮತ್ತು ಬೆಲೆಯುಳ್ಳ ಬೇರೊಂದು ಸರಕಾಗಿ ಪಕ್ಕದಲ್ಲಿ ತೋರಿಸುವುದು ಒಳ್ಳೆಯದು. ವೂಕಾಮರ್ಸ್‌ನಲ್ಲಿ ಕೂಡುವ ಬೆಲೆಗೆ ಪ್ರತ್ಯೇಕ ಪೂರಕ ತಂತ್ರಾಂಶ ಬೇಕಾಗುತ್ತದೆ ಎಂಬುದನ್ನು ಜಾಲತಾಣಕ್ಕೆ ಕರಾರು ಮಾಡಿಕೊಳ್ಳುವ ಮೊದಲೇ ವ್ಯಾಪಾರಿಗಳು ತಿಳಿದಿರಬೇಕು.

ಒಮ್ಮೆ ಮಾತ್ರದ ವೆಚ್ಚ

ಮದುವೆ ಮನೆಯವರು ಚನ್ನಪಟ್ಟಣದ ಅರಗಿನ ಕುಂಕುಮದ ಭರಣಿಗಳನ್ನು ನೂರರ ಲೆಕ್ಕದಲ್ಲಿ ಕೊಂಡು, ವಧೂವರರ ಹೆಸರನ್ನು ಅಚ್ಚು ಹಾಕಿಸುವುದುಂಟು. ಭರಣಿ ಒಂದಕ್ಕೆ 60 ರೂ., ಹೆಸರು ಮುದ್ರಿಸಲು ಒಂದಕ್ಕೆ 5 ರೂ., ಅಚ್ಚಿನ ಪಡಿಯನ್ನು ಸಿದ್ಧಪಡಿಸಲು 500 ರೂ. ಎಂದಿಟ್ಟುಕೊಂಡರೆ ನೂರು ಭರಣಿಗಳಿಗೆ 7,000 ರೂ. ಆಗಬೇಕು. ಪಡಿಯ ವೆಚ್ಚವನ್ನು ಸಾಮಾನ್ಯ ಆಯ್ಕೆಯಂತೆ ನಮೂದಿಸಿದರೆ ಕಾರ್ಟ್ ಅದನ್ನೂ ನೂರರಿಂದ ಗುಣಿಸಿ 56,500 ರೂ. ಕೇಳುತ್ತದೆ. ಹಾಗಾಗದಿರಲೆಂದು ಕೆಲವರು ಐನೂರನ್ನು ನೂರರಿಂದ ಭಾಗಿಸಿ ಭರಣಿಗೆ 5 ರೂ. ಹೆಚ್ಚಿಸುತ್ತಾರೆ, ಆಗ ಹತ್ತೇ ಭರಣಿ ಕೊಂಡವನಿಂದ ಪಡಿಗೆ ಬರುವುದು 50 ರೂಪಾಯಿ. ಝೆನ್ ಕಾರ್ಟ್‌ನಲ್ಲಿ ಒಂದು ಆದೇಶಕ್ಕೆ ಒಮ್ಮೆ ಮಾತ್ರ ವಿಧಿಸುವ ಮೊತ್ತಕ್ಕೆ ಪ್ರತ್ಯೇಕ ಅಂಕಣವೇ ಇದೆ. ಅಂಥ ಅಂಕಣವಿಲ್ಲದ ತಂತ್ರಾಂಶದಲ್ಲಿ ಪಡಿಯನ್ನೇ ಒಂದು ಸರಕಾಗಿ ಮಾಡಿ, ಪ್ರಮಾಣವನ್ನು ಒಂದಕ್ಕೆ ಸೀಮಿತಗೊಳಿಸಬೇಕು.

ರಿಯಾಯಿತಿಯಲ್ಲೂ ಇಂಥದೇ ಸೂಕ್ಷ್ಮವಿದೆ. ಸೀರೆ 2,400, ಹೊಲಿಗೆ 600, ಕುಚ್ಚು 400, ಒಟ್ಟು 3,400 ರೂ. ಹಬ್ಬಕ್ಕೆ ಶೇ. 10 ರಿಯಾಯಿತಿ ಘೋಷಿಸಿದರೆ ಕಾರ್ಟ್ ಸಾಮಾನ್ಯವಾಗಿ ಒಟ್ಟು ಮೊತ್ತದ ಮೇಲೆ 340 ರೂ. ಕಡಿತ ಮಾಡುತ್ತದೆ. ಸೀರೆಯ ಮೇಲೆ ಮಾತ್ರವಾದರೆ 240. ದರ್ಜಿಯೂ ಕುಚ್ಚು ಕಟ್ಟುವ ಹೆಂಗಸೂ ಹಬ್ಬವೆಂದು ಕೂಲಿ ಇಳಿಸುವುದಿಲ್ಲ, ಇಳಿಸಬೇಕಾಗಿಯೂ ಇಲ್ಲ. ಆ ನೂರು ರೂಪಾಯಿ ವ್ಯಾಪಾರಿಯ ಲಾಭಾಂಶದಿಂದಲೇ ಹೋಗಬೇಕು.

ತೆರಿಗೆ ಮತ್ತು ಕಾಯಿದೆ

ಬಹುಪಾಲು ಕಾರ್ಟ್ ತಂತ್ರಾಂಶಗಳು ಹುಟ್ಟಿದ್ದು ಹೊರದೇಶಗಳಲ್ಲಿ. ಅಮೆರಿಕದಲ್ಲಿ ತೆರಿಗೆಯನ್ನು ಬೆಲೆಯ ಮೇಲೆ ಕೊನೆಗೆ ಸೇರಿಸುವುದು ವಾಡಿಕೆ. ಭಾರತದಲ್ಲಿ ಪೊಟ್ಟಣದ ಮೇಲಿನ ಗರಿಷ್ಠ ಚಿಲ್ಲರೆ ಬೆಲೆಯು ಎಲ್ಲ ತೆರಿಗೆಗಳನ್ನೂ ಒಳಗೊಂಡಿರುತ್ತದೆ. ತಂತ್ರಾಂಶದಲ್ಲಿ ‘ಬೆಲೆಯು ತೆರಿಗೆ ಸಹಿತ’ ಎಂಬ ಆಯ್ಕೆಯನ್ನು ಒತ್ತದಿದ್ದರೆ, ಶೇ. 5 ಜಿಎಸ್‌ಟಿ ಇರುವ 210 ರೂ. ಸರಕಿಗೆ ಕೊನೆಯ ಪುಟದಲ್ಲಿ 220 ರೂ. 50 ಪೈಸೆ ಕೇಳಲಾಗುತ್ತದೆ. ಪೊಟ್ಟಣದ ಮೇಲೆ 210 ಎಂದೇ ಮುದ್ರಿತವಾಗಿದ್ದರೆ ಇದು ಗರಿಷ್ಠ ಬೆಲೆಯನ್ನು ಮೀರಿದ ಮಾರಾಟ. ಸರಿಯಾಗಿ ಹೊಂದಿಸಿದರೆ ಅದೇ 210ರೊಳಗೆ 200 ರೂ. ತೆರಿಗೆಪೂರ್ವ ಮೌಲ್ಯ, 10 ರೂ. ತೆರಿಗೆ ಎಂದು ವಿಂಗಡಣೆಯಾಗುತ್ತದೆ. ಮೂಲಬೆಲೆಯನ್ನು ತೆರಿಗೆ ಸಹಿತವಾಗಿಯೂ ಆಯ್ಕೆಯ ಮೊತ್ತವನ್ನು ತೆರಿಗೆ ರಹಿತವಾಗಿಯೂ ನಮೂದಿಸುವ ಗೊಂದಲವೂ ಅಪರೂಪವಲ್ಲ.

ಬೇರೆ ಬೇರೆ ತೆರಿಗೆ ದರದ ಸರಕುಗಳನ್ನು ಆಯ್ಕೆಯ ನೆಪದಲ್ಲಿ ಒಂದೇ ಬೆಲೆಗೆ ಕಟ್ಟಿಕೊಡುವಾಗ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 8ನೇ ಕಲಮಿನ ಪ್ರಕಾರ, ಸಹಜವಾಗಿ ಒಟ್ಟಿಗೆ ಹೋಗುವ ಸಂಯುಕ್ತ ಪೂರೈಕೆಗೆ ಅದರ ಪ್ರಧಾನ ಸರಕಿನ ದರ ಅನ್ವಯವಾಗುತ್ತದೆ. ಬಿಡಿಬಿಡಿಯಾಗಿ ಮಾರಬಹುದಾದುವನ್ನು ಒಂದೇ ಬೆಲೆಗೆ ಸೇರಿಸಿದ ಮಿಶ್ರ ಪೂರೈಕೆಗೆ ಅವುಗಳಲ್ಲಿ ಅತ್ಯಧಿಕವಾದ ದರ ಇಡಿಯಾಗಿ ಬೀಳುತ್ತದೆ. ಉಡುಗೊರೆ ಪೆಟ್ಟಿಗೆಗಳನ್ನು ಮಾರುವವರು ಇದನ್ನು ಮರೆತರೆ ಲಾಭವೆಂದು ತಿಳಿದದ್ದು ತೆರಿಗೆಯಾಗಿ ಹೋಗುತ್ತದೆ.

2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಆಯ್ಕೆಗಳ ವಿಚಾರಕ್ಕೆ ನೇರವಾಗಿ ಸಂಬಂಧಿಸಿವೆ. ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು. ಸಾಗಣೆ, ಪ್ಯಾಕಿಂಗ್, ತೆರಿಗೆ ಮೊದಲಾದ ಕಡ್ಡಾಯ ಮತ್ತು ಐಚ್ಛಿಕ ವೆಚ್ಚಗಳ ವಿವರವನ್ನೂ ಕೊಡಬೇಕು. ಗ್ರಾಹಕರ ಒಪ್ಪಿಗೆಯನ್ನು ಮೊದಲೇ ಗುರುತು ಹಾಕಿಟ್ಟ ಚೌಕಗಳ ಮೂಲಕ ಪಡೆಯುವಂತಿಲ್ಲ. ‘ಉಡುಗೊರೆ ಹೊದಿಕೆ, 40 ರೂ.’ ಎಂಬ ಚೌಕಕ್ಕೆ ತಾನೇ ಗುರುತು ಹಾಕಿಟ್ಟು ಹಣ ಎಣಿಸುತ್ತಿದ್ದ ಕಾಲ ಮುಗಿದಿದೆ. 2023ರ ನವೆಂಬರ್ 30ರಂದು ಹೊರಡಿಸಲಾದ ಮಾರ್ಗಸೂಚಿಯು ಗ್ರಾಹಕರನ್ನು ದಾರಿತಪ್ಪಿಸುವ 13 ವಿನ್ಯಾಸ ತಂತ್ರಗಳನ್ನು ಪಟ್ಟಿ ಮಾಡಿದೆ. ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಪುಟದಿಂದ ಪುಟಕ್ಕೆ ಹನಿಹನಿಯಾಗಿ ಏರಿಸುವುದು, ಇವೆರಡೂ ಅದರಲ್ಲಿವೆ. ‘170 ರೂಪಾಯಿಯಿಂದ’ ಎಂದು ಮುಖಪುಟದಲ್ಲಿ ಹಾಕುವುದು ತಪ್ಪಲ್ಲ. ಆ 170ರ ಪೊಟ್ಟಣ ನಿಜವಾಗಿ ದಾಸ್ತಾನಿನಲ್ಲಿ ಇರಬೇಕು, ಆಯ್ಕೆ ಬದಲಿಸಿದೊಡನೆ ಬೆಲೆಯೂ ಅಲ್ಲಿಯೇ ಬದಲಾಗಿ ಕಾಣಬೇಕು.

ತೂಕ, ದಾಸ್ತಾನು, ದರದ ಏರಿಳಿತ

ಆಯ್ಕೆಗೆ ಬೆಲೆಯಿದ್ದಂತೆ ತೂಕವೂ ಉಂಟು. ಕೊರಿಯರ್ ದರಗಳು ಸಾಮಾನ್ಯವಾಗಿ ಅರ್ಧ ಕಿಲೋದ ಹಂತಗಳಲ್ಲಿ ಏರುತ್ತವೆ. ಅರ್ಧ ಕಿಲೋ ಪುಡಿಗೆ ಚೀಲ, ರಟ್ಟಿನ ಪೆಟ್ಟಿಗೆ ಸೇರಿದರೆ ತೂಕ 500 ಗ್ರಾಂ ದಾಟಿ ಮುಂದಿನ ಹಂತಕ್ಕೆ ಹೋಗುತ್ತದೆ. ಕಾರ್ಟಿನಲ್ಲಿ 500 ಎಂದೇ ನಮೂದಿಸಿದ್ದರೆ ವ್ಯತ್ಯಾಸ ಮಾರುವವನ ಪಾಲಿಗೆ. ಹಗುರವಾದರೂ ಗಾತ್ರದಲ್ಲಿ ದೊಡ್ಡದಾದ ಸರಕಿಗೆ ಕೊರಿಯರ್ ಸಂಸ್ಥೆಗಳು ಗಾತ್ರದ ತೂಕ ಹಿಡಿಯುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಪುಡಿಯ ಜೊತೆಗೆ ಹಿತ್ತಾಳೆಯ ಫಿಲ್ಟರನ್ನು ಆಯ್ಕೆಯಾಗಿ ಕೊಟ್ಟು, 25, 20, 20 ಸೆಂ.ಮೀ. ಅಳತೆಯ ಪೆಟ್ಟಿಗೆಯಲ್ಲಿ ಕಳುಹಿಸಿದರೆ ಒಳಗಿನ ತೂಕ ಎಷ್ಟೇ ಕಡಿಮೆ ಇರಲಿ, ಬಿಲ್ಲು ಬರುವುದು 2 ಕಿಲೋಗೆ.

ದಾಸ್ತಾನಿನ ಲೆಕ್ಕ ಕಾಫಿ ವ್ಯಾಪಾರಿಗೆ ವಿಚಿತ್ರವಾಗಿ ಕಾಣುತ್ತದೆ. ತಂತ್ರಾಂಶದ ದೃಷ್ಟಿಯಲ್ಲಿ ಒಂಬತ್ತು ಸರಕುಗಳು. ಅಂಗಡಿಯಲ್ಲಿ ಇರುವುದು ಒಂದು ಮೂಟೆ ಬೀಜ, ಒಂದು ಚೀಲ ಚಿಕೋರಿ. ಒಂದೊಂದು ಸಾಲಿಗೂ ಇಪ್ಪತ್ತು ಪೊಟ್ಟಣ ಎಂದು ಬರೆದರೆ ಮೂಟೆಯಲ್ಲಿರುವುದಕ್ಕಿಂತ ಹೆಚ್ಚು ಮಾರಾಟವಾಗಬಹುದು. ಆದೇಶ ಬಂದ ಮೇಲೆ ಪುಡಿ ಮಾಡಿ ಕಟ್ಟುವವರು ಸಾಲುವಾರು ದಾಸ್ತಾನನ್ನು ನಿಲ್ಲಿಸಿ, ಇಡೀ ಸರಕಿಗೆ ಒಂದೇ ಲೆಕ್ಕ ಇಟ್ಟುಕೊಳ್ಳುವುದು ಅಥವಾ ಸಂಜೆಗೊಮ್ಮೆ ಮೂಟೆ ನೋಡಿ ಮಾರಾಟವನ್ನು ತಡೆಯುವುದು ಕಾರ್ಯಸಾಧ್ಯವಾದ ದಾರಿ. ಮೊದಲೇ ಕಟ್ಟಿಟ್ಟ ಪೊಟ್ಟಣಗಳನ್ನು ಮಾರುವವರಿಗೆ ಸಾಲುವಾರು ದಾಸ್ತಾನೇ ಸರಿ.

ಎಲ್ಲಕ್ಕಿಂತ ಹೆಚ್ಚು ತಪ್ಪುಗಳಾಗುವುದು ಬೆಲೆ ಬದಲಿಸುವ ದಿನ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರನ್ನು ದಾಟಿತ್ತು. ಅಂಥ ದಿನಗಳಲ್ಲಿ ಕಟ್ಟೆಯ ಮೇಲಿನ ಹಲಗೆಯಲ್ಲಿ ಸೀಮೆಸುಣ್ಣದಿಂದ ಒಂದು ಅಂಕಿ ತಿದ್ದಿದರೆ ಸಾಕು. ಜಾಲತಾಣದಲ್ಲಿ ಒಂಬತ್ತು ಸಾಲು ತಿದ್ದಬೇಕು. ಎಂಟನ್ನು ತಿದ್ದಿ ಒಂದನ್ನು ಮರೆತರೆ ಆ ಒಂದೇ ಹಳೆಯ ದರದಲ್ಲಿ ಮಾರಾಟವಾಗುತ್ತಲೇ ಇರುತ್ತದೆ, ಅಗ್ಗವಾಗಿರುವುದರಿಂದ ಹೆಚ್ಚಾಗಿಯೇ ಮಾರಾಟವಾಗುತ್ತದೆ. ಇದಕ್ಕೆ ಉತ್ತಮ ಪರಿಹಾರ ಗಣಕದ ಕೋಷ್ಟಕ ಹಾಳೆ. ಕಾಫಿಯ ದರ, ಚಿಕೋರಿಯ ದರ ಎಂಬ ಎರಡು ಕೋಶಗಳು ಮಾತ್ರ ಕೈಯಿಂದ ತುಂಬುವಂಥವು. ಒಂಬತ್ತು ಬೆಲೆಗಳೂ ಸೂತ್ರದಿಂದ ಹುಟ್ಟಬೇಕು. ಆ ಹಾಳೆಯನ್ನು ಸಿಎಸ್‌ವಿ ಕಡತವಾಗಿ ಒಮ್ಮೆಗೇ ಮಳಿಗೆಗೆ ಏರಿಸುವ ಅನುಕೂಲ ಪ್ರಮುಖ ತಂತ್ರಾಂಶಗಳಲ್ಲೆಲ್ಲ ಉಂಟು. ಪ್ರತಿ ಸಾಲಿನ ಸಂಕೇತ ಸಂಖ್ಯೆ ಬದಲಾಗದೆ ಇರಬೇಕೆಂಬುದೊಂದೇ ಷರತ್ತು. ಹಳೆಯ ದರ ಮುದ್ರಿತವಾದ ಪೊಟ್ಟಣಗಳು ಉಳಿದಿದ್ದರೆ ಅವನ್ನು ಹೊಸ ದರಕ್ಕೆ ಕಳುಹಿಸುವಂತಿಲ್ಲ ಎಂಬುದು ಬೇರೆ ಮಾತು.

ಬೆಲೆಯನ್ನು ಎಲ್ಲಿ ಲೆಕ್ಕ ಹಾಕಲಾಗುತ್ತದೆ ಎಂಬುದನ್ನೂ ಜಾಲತಾಣ ರೂಪಿಸುವವರಿಂದ ಕೇಳಿ ತಿಳಿಯಬೇಕು. ಆರಂಭದ ದಿನಗಳ ಎಷ್ಟೋ ಕಾರ್ಟ್‌ಗಳು ಆಯ್ಕೆಯ ಬೆಲೆಯನ್ನು ಪುಟದೊಳಗೇ ಕಾಣದಂತೆ ಅಡಗಿಸಿಟ್ಟು, ಗ್ರಾಹಕರ ಗಣಕದಿಂದ ಮರಳಿ ಬಂದ ಅಂಕಿಯನ್ನೇ ನಂಬುತ್ತಿದ್ದವು. ಸ್ವಲ್ಪ ಬಲ್ಲವರು ಆ ಅಂಕಿಯನ್ನು ತಿದ್ದಿ ಸಾವಿರದ ಸರಕನ್ನು ಹತ್ತು ರೂಪಾಯಿಗೆ ಕೊಳ್ಳಬಹುದಾಗಿತ್ತು. ಇಂದಿನ ಪ್ರಸಿದ್ಧ ತಂತ್ರಾಂಶಗಳು ಆಯ್ಕೆಯ ಗುರುತನ್ನು ಮಾತ್ರ ಪಡೆದು ಬೆಲೆಯನ್ನು ಸರ್ವರಿನಲ್ಲಿಯೇ ಲೆಕ್ಕ ಹಾಕುತ್ತವೆ. ಹೇಳಿ ಬರೆಸಿದ ಸ್ವಂತ ಕಾರ್ಟುಗಳ ವಿಚಾರದಲ್ಲಿ ಈ ಭರವಸೆಯಿಲ್ಲ.

ಇಷ್ಟಾದ ಮೇಲೂ ತಪ್ಪು ಬೆಲೆಗೆ ಆದೇಶ ಬಂದು, ಹಣವೂ ಪಾವತಿಯಾಗಿದ್ದರೆ? ಕೆಲವರು ಮೌನವಾಗಿ ರದ್ದುಮಾಡುತ್ತಾರೆ. 2020ರ ನಿಯಮಗಳಂತೆ, ಮಾರುವ ಸಂಸ್ಥೆಯು ಏಕಪಕ್ಷೀಯವಾಗಿ ಆದೇಶ ರದ್ದುಮಾಡಿದಾಗ ತಾನೂ ಶುಲ್ಕ ಭರಿಸುವುದಿಲ್ಲವಾದರೆ, ಗ್ರಾಹಕರು ರದ್ದುಮಾಡಿದಾಗ ಅವರಿಂದ ಶುಲ್ಕ ವಸೂಲು ಮಾಡುವಂತಿಲ್ಲ. ಒಂದೆರಡು ಪೊಟ್ಟಣಗಳ ಮಟ್ಟಿಗಾದರೆ ನಷ್ಟ ಸಹಿಸಿ ಕಳುಹಿಸಿಬಿಡುವುದೇ ಅಂಗಡಿಯ ಹೆಸರಿಗೆ ಒಳ್ಳೆಯದು. ಐವತ್ತಾದರೆ ದೂರವಾಣಿಯಲ್ಲಿ ಮಾತನಾಡಿ, ತಪ್ಪೊಪ್ಪಿಕೊಂಡು, ಹಣ ಮರಳಿಸಬೇಕು.

ಮಳಿಗೆ ತೆರೆಯುವ ಮುನ್ನಾ ದಿನ ಮಾಲೀಕರೇ ಕುಳಿತು ಮಾಡಬೇಕಾದ ಕೆಲಸವೊಂದಿದೆ; ಇದನ್ನು ಇನ್ನೊಬ್ಬರಿಗೆ ವಹಿಸಲಾಗದು. ಒಂಬತ್ತು ಬೆಲೆಗಳನ್ನು ಮೊದಲು ಕಾಗದದ ಮೇಲೆ, ಜಾಲತಾಣವನ್ನು ನೋಡದೆ ಬರೆಯಬೇಕು. ಅನಂತರ ಗ್ರಾಹಕರಂತೆ ಒಂದೊಂದು ಜೋಡಣೆಯನ್ನೂ ಆರಿಸಿ, ಪ್ರಮಾಣವನ್ನು ಒಂದರಿಂದ ಮೂರಕ್ಕೆ ಬದಲಿಸಿ, ಪಾವತಿಯ ಪುಟದವರೆಗೆ ಹೋಗಿ ಅಂಕಿಯನ್ನು ತಾಳೆ ನೋಡಬೇಕು. ಒಂದು ಆದೇಶಕ್ಕಾದರೂ ನಿಜವಾಗಿ ಹಣ ಕಟ್ಟಿ, ಪ್ಯಾಕಿಂಗ್ ಮಾಡುವವರ ಕೈಗೆ ಬರುವ ಚೀಟಿಯಲ್ಲಿ ‘250 ಗ್ರಾಂ, 80:20, ಫಿಲ್ಟರ್ ಪುಡಿ’ ಎಂಬ ಮೂರೂ ಮಾತುಗಳು ಇವೆಯೇ ಎಂದು ಪರಿಶೀಲಿಸಬೇಕು. ಬೆಲೆ ಸರಿಯಾಗಿದ್ದು ಚೀಟಿಯಲ್ಲಿ ಮಿಶ್ರಣದ ಪ್ರಮಾಣವೇ ಮುದ್ರಿತವಾಗದಿದ್ದರೆ, ಯಂತ್ರದ ಮುಂದೆ ನಿಂತ ಹುಡುಗ ತನಗೆ ತೋಚಿದಷ್ಟು ಚಿಕೋರಿ ಸುರಿಯುತ್ತಾನೆ.